ಹಳೆಯ ಫ್ಲೋರಾದಲ್ಲಿ ಹುಡುಕಬೇಕಾದ್ದು ಅಪರೂಪದ ಗಿಡವನ್ನಲ್ಲ

ಥಿಯೊಡೋರ್ ಕುಕ್ ಅವರ ‘ದಿ ಫ್ಲೋರಾ ಆಫ್ ದಿ ಪ್ರೆಸಿಡೆನ್ಸಿ ಆಫ್ ಬಾಂಬೆ’ಯ ಹಳೆಯ ಪ್ರತಿಯೊಂದು ಯಾರಿಗಾದರೂ ಸಿಕ್ಕಿತೆಂದು ತಿಳಿದರೆ ಗಿಡಮರಗಳ ಆಸಕ್ತರಲ್ಲಿ ಎರಡು ಮಾತು ಕೇಳಿಬರುತ್ತವೆ. ‘ಎಂಥ ಅದೃಷ್ಟ, ಗಾಜಿನ ಕಪಾಟಿನಲ್ಲಿಟ್ಟು ಕಾಪಾಡಿ’ ಎನ್ನುತ್ತಾರೆ ಕೆಲವರು. ‘ಅದರಲ್ಲಿರುವ ಹೆಸರುಗಳೆಲ್ಲ ಬದಲಾಗಿವೆ, ಈಗ ಫೋನಿನಲ್ಲೇ ಗಿಡ ಗುರುತಿಸಬಹುದಲ್ಲ’ ಎನ್ನುತ್ತಾರೆ ಮತ್ತೆ ಕೆಲವರು. ಇಬ್ಬರಿಗೂ ಪುಸ್ತಕವನ್ನು ಓದುವ ಉದ್ದೇಶವಿಲ್ಲ. ಓದುವವರದೇ ಇನ್ನೊಂದು ಗುಂಪಿದೆ. ಅವರು ಪುಟ ತಿರುವುತ್ತ ‘ಅಪರೂಪ’ ಎಂದು ನಮೂದಾದ ಗಿಡಗಳನ್ನೆಲ್ಲ ಒಂದು ಪಟ್ಟಿ ಮಾಡಿಕೊಂಡು, ಮಳೆಗಾಲ ಶುರುವಾಗುತ್ತಲೇ ಅವನ್ನು ಹುಡುಕಿ ಘಟ್ಟ ಹತ್ತುತ್ತಾರೆ. ಈ ಮೂರನೆಯವರ ಶ್ರದ್ಧೆ ದೊಡ್ಡದು. ಆದರೆ ಅವರೂ ಪುಸ್ತಕವನ್ನು ತಲೆಕೆಳಗಾಗಿ ಓದುತ್ತಿದ್ದಾರೆ ಎಂಬುದು ನನ್ನ ವಾದ. ಹಳೆಯ ಫ್ಲೋರಾದ, ಅಂದರೆ ಒಂದು ಪ್ರದೇಶದ ಗಿಡಗಳನ್ನೆಲ್ಲ ವರ್ಣಿಸುವ ಪುಸ್ತಕದ, ನಿಜವಾದ ಸಂಪತ್ತು ಅದು ಅಪರೂಪವೆಂದ ಗಿಡಗಳಲ್ಲಿಲ್ಲ. ಎಲ್ಲೆಡೆ ಇದೆಯೆಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಗಿಡಗಳಲ್ಲಿದೆ.

ಕುಕ್ ಐರ್ಲೆಂಡಿನವರು, ವೃತ್ತಿಯಿಂದ ಎಂಜಿನಿಯರ್. ಪುಣೆಯ ಕಾಲೇಜಿನಲ್ಲಿ ಬಹುಕಾಲ ಪ್ರಾಂಶುಪಾಲರಾಗಿದ್ದು, ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಮೇಲೆ ಕ್ಯೂ ಸಸ್ಯೋದ್ಯಾನದಲ್ಲಿ ಒಣಗಿಸಿದ ಗಿಡಗಳ ಸಂಗ್ರಹವಾದ ಹರ್ಬೇರಿಯಂನಲ್ಲಿ ಕೂತು ಈ ಪುಸ್ತಕ ಬರೆದರು. 1901ರಿಂದ 1908ರವರೆಗೆ ಕಂತುಕಂತಾಗಿ ಅಚ್ಚಾಯಿತು. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ 1958ರಲ್ಲಿ ಅದನ್ನು ಮೂರು ಸಂಪುಟಗಳಾಗಿ ಮರುಮುದ್ರಿಸಿತು. ಹಳೆಪುಸ್ತಕದಂಗಡಿಗಳಲ್ಲಿ ಇಂದು ಸಿಗುವುದು ಹೆಚ್ಚಾಗಿ ಈ ಮರುಮುದ್ರಣವೇ. ಮುಂಬೈ ಪ್ರಾಂತ್ಯವೆಂದರೆ ಆಗ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡವೂ ಸೇರಿದ್ದ ಪ್ರಾಂತ್ಯ. ಹಾಗಾಗಿ ಇದು ನಮ್ಮ ನಾಡಿನ ದೊಡ್ಡದೊಂದು ಭಾಗದ ಸಸ್ಯಪುಸ್ತಕವೂ ಹೌದು. ದಕ್ಷಿಣ ಕನ್ನಡದ ಕಡೆಯವರಿಗೆ ಗ್ಯಾಂಬಲ್ ಶುರುಮಾಡಿ, ಅವರ ನಿಧನದ ನಂತರ ಫಿಶರ್ ಮುಗಿಸಿದ ಮದ್ರಾಸ್ ಪ್ರಾಂತ್ಯದ ಫ್ಲೋರಾ ಇದೆ. ಮರಗಳಿಗಾದರೆ, ಉತ್ತರ ಕನ್ನಡದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಾಲ್ಬಟ್ 1909–11ರಲ್ಲಿ ಹೊರತಂದ ಎರಡು ಸಂಪುಟಗಳಿವೆ. ಅವುಗಳಲ್ಲಿ ರೇಖಾಚಿತ್ರಗಳೂ ಕನ್ನಡದ ಹೆಸರುಗಳೂ ಸಿಗುತ್ತವೆ.

ಕುಕ್ ಅವರ ಪುಸ್ತಕದಲ್ಲಿ ಒಂದು ಗಿಡದ ನಮೂದು ಹೇಗಿರುತ್ತದೆಂದು ಹೇಳಿದರೆ ಮುಂದಿನ ಮಾತಿಗೆ ಅನುಕೂಲ. ಮೊದಲು ಹೆಸರು, ಆಮೇಲೆ ಗಿಡದ ವರ್ಣನೆ: ಎಲೆಯ ಉದ್ದಗಲ, ತೊಟ್ಟಿನ ಅಳತೆ, ರೋಮ ಇದೆಯೋ ಇಲ್ಲವೋ, ಹೂವಿನ ಒಳಗೆ ಏನೇನು, ಕಾಯಿ ಒಡೆಯುವ ಬಗೆ. ಅದಾದ ಮೇಲೆ ಹೂ ಬಿಡುವ ತಿಂಗಳು. ನಂತರ ಸ್ಥಳಗಳ ಸಾಲು. ಕೊಂಕಣ, ದಖ್ಖನ್, ಬೆಳಗಾವಿ–ಧಾರವಾಡದ ಸೀಮೆ, ಉತ್ತರ ಕನ್ನಡ ಎಂದು ವಿಂಗಡಿಸಿ, ಪ್ರತಿ ಜಾಗದ ಮುಂದೆ ಅಲ್ಲಿಂದ ಮಾದರಿ ತಂದವರ ಹೆಸರು. ಸ್ಟಾಕ್ಸ್, ಲಾ, ಬೆಳಗಾವಿ ಸುತ್ತ ಸಂಗ್ರಹಿಸಿದ ರಿಚಿ, ಉತ್ತರ ಕನ್ನಡದ ಟಾಲ್ಬಟ್, ಪುಣೆಯ ಕಾನಿಟ್ಕರ್. ಕೆಲವು ಹೆಸರುಗಳ ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಇದೆ. ಅದು ಬೆರಗಿನ ಗುರುತಲ್ಲ. ಆ ಒಣಗಿದ ಮಾದರಿಯನ್ನು ಲೇಖಕರು ಸ್ವತಃ ಕಣ್ಣಾರೆ ನೋಡಿದ್ದಾರೆ ಎಂಬುದಕ್ಕೆ ಸಸ್ಯಶಾಸ್ತ್ರಜ್ಞರು ಹಾಕುವ ರುಜು. ಚಿಹ್ನೆ ಇಲ್ಲದಿದ್ದರೆ ಬೇರೆಯವರ ಮಾತನ್ನು ನಂಬಿ ಬರೆದದ್ದು ಎಂದರ್ಥ. ಸಾವಿರಾರು ಗಿಡಗಳಿಗೆ ಈ ಲೆಕ್ಕ ಇಟ್ಟ ಪುಸ್ತಕದ ಪ್ರಾಮಾಣಿಕತೆ ನನಗೆ ಪ್ರತಿ ಸಲವೂ ಗೌರವ ತರಿಸುತ್ತದೆ. ನಾನು ನೋಡಿದ್ದು ಇಷ್ಟು, ಕೇಳಿದ್ದು ಇಷ್ಟು ಎಂದು ಗೆರೆ ಎಳೆದು ತೋರಿಸುವ ಬರಹ ಇಂದೂ ವಿರಳ.

ಹೆಸರು ಬದಲಾದ ಆಕ್ಷೇಪವನ್ನು ಮೊದಲು ಮುಗಿಸುತ್ತೇನೆ. ಹೌದು, ಬದಲಾಗಿವೆ. ಕುಕ್ ಕಾಲದ ಬುಟಿಯ ಫ್ರಾಂಡೋಸ ಇಂದು ಬುಟಿಯ ಮೋನೊಸ್ಪರ್ಮ, ಅಂದರೆ ನಮ್ಮ ಮುತ್ತುಗ. ಅಕೇಶಿಯ ಅರಾಬಿಕ ಆಗಿದ್ದ ಜಾಲಿ ಈಗ ವಶೇಲಿಯ ನಿಲೋಟಿಕ. ಅಂಥ ಬದಲಾವಣೆಗಳ ಪಟ್ಟಿ ಉದ್ದವಿದೆ. ಆದರೆ ಹಳೆಯ ಹೆಸರಿನಿಂದ ಹೊಸ ಹೆಸರಿಗೆ ಹೋಗುವ ದಾರಿಯನ್ನು ಸಸ್ಯಶಾಸ್ತ್ರಜ್ಞರು ಎಂದೂ ಅಳಿಸುವುದಿಲ್ಲ. ಪ್ರತಿ ಹೊಸ ಹೆಸರಿನ ಕೆಳಗೆ ಹಳೆಯದನ್ನು ದಾಖಲಿಸುತ್ತಾರೆ. ಹುಡುಕಲು ಐದು ನಿಮಿಷ ಸಾಕು. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ: ಹೆಸರು ತಪ್ಪಾಗಿದ್ದರೂ ಗಿಡದ ವರ್ಣನೆ ಸರಿಯಾಗಿರಬಹುದು.

ಅಶೋಕದ ಉದಾಹರಣೆ ನೋಡಿ. ನಮ್ಮ ಅಶೋಕವನ್ನು ಹಳೆಯ ಫ್ಲೋರಾಗಳೆಲ್ಲ ಸರಾಕ ಇಂಡಿಕ ಎಂದೇ ಕರೆದವು. ಆ ಹೆಸರು ಆಗ್ನೇಯ ಏಷ್ಯಾದ ಬೇರೊಂದು ಮರಕ್ಕೆ ಸೇರಿದ್ದೆಂದು 1960ರ ದಶಕದಲ್ಲಿ ಡಿ ವಿಲ್ಡ್ ಎಂಬ ಡಚ್ ವಿದ್ವಾಂಸರು ತೋರಿಸಿದ ಮೇಲೆ ನಮ್ಮ ಮರ ಸರಾಕ ಅಸೋಕ ಆಯಿತು. ಅಂದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೆಸರು ತಪ್ಪಾಗಿತ್ತು. ಈಗ ಒಂದು ಅಶೋಕದ ಹೂವನ್ನು ಕೈಯಲ್ಲಿ ಹಿಡಿದು ಹಳೆಯ ವರ್ಣನೆ ಓದಿ. ಕಿತ್ತಳೆ ಬಣ್ಣದ ನಾಲ್ಕು ಎಸಳು ಕಾಣುತ್ತವಲ್ಲ, ಅವು ಎಸಳುಗಳಲ್ಲ. ಉದ್ದ ಕೊಳವೆಯ ತುದಿಯಲ್ಲಿ ಹರಡಿಕೊಂಡ ಪುಷ್ಪಪಾತ್ರೆಯ ಭಾಗಗಳು. ಕೊಳವೆಯ ಬುಡದಲ್ಲಿ ಪುಷ್ಪಪಾತ್ರೆಯೇ ಇರಬೇಕೆಂದು ತೋರುವ, ಬಣ್ಣ ಬಂದ ಎರಡು ಪುಟ್ಟ ಹಾಳೆಗಳು ಹೂವಿನ ಕಿರುಪತ್ರಗಳು. ನಿಜವಾದ ದಳ ಈ ಹೂವಿಗೆ ಇಲ್ಲವೇ ಇಲ್ಲ. ಹೊರಗೆ ಚಾಚಿದ ಉದ್ದ ಕೇಸರಗಳು, ಸಾಮಾನ್ಯವಾಗಿ ಏಳು. ಇಷ್ಟನ್ನೂ ಹಳೆಯ ಫ್ಲೋರಾ ಬಿಡಿಸಿ ಹೇಳುತ್ತದೆ, ಹೇಳುವುದು ಸರಿಯಾಗಿಯೇ ಇದೆ. ಬಡಾವಣೆಯ ಕಾಂಪೌಂಡಿಗೆ ಒತ್ತಾಗಿ ನೆಟ್ಟ ಕಂಬದಂಥ ಮರಕ್ಕೂ ನಾವು ಅಶೋಕ ಎನ್ನುತ್ತೇವೆ. ಅದರ ಹೂ ಹಸಿರು, ದಳ ಆರು, ಎಲೆ ಒಂಟಿ. ಅದು ಸೀತಾಫಲದ ಕುಟುಂಬದ್ದು. ಅಶೋಕದ ಚಕ್ಕೆಯ ಹೆಸರಿನಲ್ಲಿ ಈ ಮರದ ತೊಗಟೆ ಔಷಧಿ ಮಾರುಕಟ್ಟೆಗೆ ಬೆರೆತುಹೋಗುತ್ತದೆ. ನಿಜವಾದ ಅಶೋಕ ಕಾಡಿನಲ್ಲಿ ಕಡಿಮೆಯಾಗಿ, ಐಯುಸಿಎನ್ ಅದನ್ನು ಅಪಾಯಕ್ಕೀಡಾಗಬಹುದಾದ ಮರಗಳ ಪಟ್ಟಿಯಲ್ಲಿಟ್ಟಿದೆ. ಎರಡನ್ನೂ ಬೇರ್ಪಡಿಸಿ ಹೇಳಲು ಬೇಕಾದದ್ದು ಹೊಸ ಹೆಸರಲ್ಲ, ಹೂವನ್ನು ಸೀಳಿ ನೋಡುವ ಕಣ್ಣು.

ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್, ಗೂಗಲ್ ಲೆನ್ಸ್ ಇವುಗಳ ಮೇಲೆ ನನಗೆ ವೈರವಿಲ್ಲ. ಒಂದು ಚಿತ್ರ, ತಾರೀಖು, ಜಾಗ ಮೂರೂ ಒಟ್ಟಿಗೆ ಉಳಿಯುವುದು ಒಳ್ಳೆಯದೇ. ಆದರೆ ಅವು ಕಲಿತದ್ದು ಜನ ಹಾಕಿದ ಚಿತ್ರಗಳಿಂದ. ಜನ ಚಿತ್ರ ತೆಗೆಯುವುದು ಕಣ್ಣಿಗೆ ಬೀಳುವ ಹೂಗಳದ್ದು. ಹುಲ್ಲು, ಜೇಕು, ನೇರಳೆಯ ಕಾಡುಬಳಗ, ಗುರಿಗೆಯ ಹತ್ತಾರು ಜಾತಿ, ಇಲ್ಲಿಗೆ ಬಂದರೆ ಫೋನು ತಡವರಿಸುತ್ತದೆ. ಏಕೆಂದರೆ ಅಲ್ಲಿನ ವ್ಯತ್ಯಾಸ ಕಾಯಿಯ ಒಳಗಿದೆ, ಅಂಡಾಶಯದ ಕೋಣೆಗಳಲ್ಲಿದೆ, ಎಲೆತೊಟ್ಟುಗಳ ನಡುವಿನ ಸಣ್ಣ ಪತ್ರಗಳಲ್ಲಿದೆ. ಫ್ಲೋರಾದ ಗುರುತಿನ ಕೀಲಿ ಅಲ್ಲಿಗೇ ಕರೆದೊಯ್ಯುತ್ತದೆ. ಎಲೆ ಎದುರುಬದುರೋ ಒಂದಾದ ಮೇಲೊಂದೋ? ಮುರಿದರೆ ಹಾಲು ಬರುತ್ತದೆಯೋ? ಅಂಡಾಶಯ ಮೇಲಿದೆಯೋ ಕೆಳಗಿದೆಯೋ? ಪ್ರತಿ ಪ್ರಶ್ನೆಗೂ ಗಿಡವನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ. ಕನ್ನಡದಲ್ಲಿ ಈ ನೋಡುವ ಸುಖವನ್ನು ಬಿ.ಜಿ.ಎಲ್. ಸ್ವಾಮಿ ‘ಹಸುರು ಹೊನ್ನು’ವಿನಲ್ಲಿ ನಮಗೆ ಹಿಡಿಸಿದರು. ಆ ಪುಸ್ತಕ ಓದಿ ಸಂತೋಷಪಟ್ಟ ನಾವು ಗಿಡದ ಮುಂದೆ ಕೂತು ಕೀಲಿ ಬಿಡಿಸುವ ಅಭ್ಯಾಸವನ್ನು ಮಾತ್ರ ಬೆಳೆಸಿಕೊಳ್ಳಲಿಲ್ಲ.

ಇನ್ನು ಅಪರೂಪದ ವಿಷಯ.

ಕುಕ್ ಅವರ ಪುಸ್ತಕದ ಸ್ಥಳಗಳ ಸಾಲನ್ನು ಬೆರಳಿಟ್ಟು ಓದುತ್ತ ಹೋದರೆ ಕೆಲವೇ ಊರುಗಳು ಮರುಕಳಿಸುವುದು ಕಾಣುತ್ತದೆ. ಮಹಾಬಲೇಶ್ವರ, ಮಾಥೇರಾನ್, ಖಂಡಾಲ. ನಮ್ಮ ಕಡೆ ಬೆಳಗಾವಿ, ಕಾರವಾರ, ಗೇರುಸೊಪ್ಪೆ. ಮೊದಲ ಮೂರು ಗಿರಿಧಾಮಗಳು, ಅಧಿಕಾರಿಗಳು ಬೇಸಿಗೆ ಕಳೆಯುತ್ತಿದ್ದ ಜಾಗಗಳು. ಬೆಳಗಾವಿಯಲ್ಲಿ ದಂಡು ಇತ್ತು, ಕಾರವಾರದಲ್ಲಿ ಬಂದರು ಇತ್ತು. ಗೇರುಸೊಪ್ಪೆಯೆಂದರೆ ಅವರ ಬಾಯಲ್ಲಿ ಜೋಗದ ಜಲಪಾತ, ಪ್ರವಾಸಿ ಬಂಗಲೆಯ ತಾಣ. ಗಿಡ ತಂದವರು ವೈದ್ಯರು, ಕಲೆಕ್ಟರರು, ಅರಣ್ಯಾಧಿಕಾರಿಗಳು. ಅವರ ಸರ್ಕೀಟು ಎಲ್ಲಿಗಿತ್ತೋ ಅಲ್ಲಿನ ಗಿಡ ಪುಸ್ತಕಕ್ಕೆ ಬಂತು. ಸುರಿವ ಮಳೆಯಲ್ಲಿ, ಇಂಬಳ ಕಚ್ಚಿಸಿಕೊಂಡು ಜೌಗಿಗೆ ಇಳಿದು ಸಂಗ್ರಹಿಸಿದವರು ಕಡಿಮೆ. ಹೀಗಿರುವಾಗ ಒಂದೇ ಸಲ, ಒಂದೇ ಜಾಗದಲ್ಲಿ ಸಿಕ್ಕ ಗಿಡದ ಮುಂದೆ ‘ಅಪರೂಪ’ ಎಂದಿದ್ದರೆ ಅದು ಗಿಡದ ಸಂಖ್ಯೆಯನ್ನು ಹೇಳುತ್ತಿದೆಯೋ, ಸಂಗ್ರಾಹಕ ನಡೆದ ದಾರಿಯನ್ನು ಹೇಳುತ್ತಿದೆಯೋ? ಅನೇಕ ಸಲ ಎರಡನೆಯದನ್ನು. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ಗುರಿಗೆಯನ್ನು ನೆನೆಯಿರಿ. ಮೂರು ವರ್ಷಕ್ಕೆ ವರ್ಗವಾಗಿ ಹೋಗುವ ಅಧಿಕಾರಿಗೆ ಇಡೀ ಗುಡ್ಡ ತುಂಬಿದ ಗಿಡವೂ ಹೂವಿಲ್ಲದ ಹಸಿರು ಪೊದೆಯಾಗಿಯೇ ಉಳಿಯುತ್ತದೆ.

ಇದಕ್ಕೆ ಪುರಾವೆ ನಮ್ಮ ಉತ್ತರ ಕನ್ನಡದಲ್ಲೇ ಇದೆ. ಸೈಜೀಜಿಯಂ ಟ್ರಾವಂಕೋರಿಕಂ ಎಂಬ ಜೌಗಿನ ನೇರಳೆಯನ್ನು ಗ್ಯಾಂಬಲ್ ತಿರುವಾಂಕೂರಿನ ಮಾದರಿಯಿಂದ ವರ್ಣಿಸಿದ್ದರು. ಅದು ಕೇರಳ ಬಿಟ್ಟು ಬೇರೆಡೆ ಇಲ್ಲ ಎಂಬುದೇ ದಶಕಗಳ ನಂಬಿಕೆ. ಮಧುಕ ಬೋರ್ಡಿಲೋನಿಯೈ ಎಂಬ ಹಿಪ್ಪೆಯ ಬಳಗದ ಮರದ ಕತೆಯೂ ಅದೇ. 2008ರ ಆಸುಪಾಸಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಎರಡನ್ನೂ ಉತ್ತರ ಕನ್ನಡದ ಕಾಡುಗಳಲ್ಲಿ ಕಂಡರು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಂಪತ್ರೆ ಜೌಗಿನಲ್ಲಿ ಬೆಳೆಯುವ ಗೇರಿನ ಕುಟುಂಬದ ಒಂದು ದೊಡ್ಡ ಮರಕ್ಕೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದೇ 2000ನೇ ಇಸವಿಯಲ್ಲಿ: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಟಾಲ್ಬಟ್ ಕೆಲಸ ಮಾಡಿದ ಜಿಲ್ಲೆಯದೇ ಮರ ಅದು, ಮುಗಿಲೆತ್ತರದ ಮರ. ಅವರ ಪುಸ್ತಕದಲ್ಲಿ ಅದಿಲ್ಲ. ಇಲ್ಲವೆಂದ ಮಾತ್ರಕ್ಕೆ ಕಾಡಿನಲ್ಲಿ ಇರಲಿಲ್ಲ ಎಂದಲ್ಲ.

ಜೋಗದ ಹುಲ್ಲಿನ ಕತೆ ಇನ್ನೂ ಆಳವಾದದ್ದು. ಐಸಿಎಸ್ ಅಧಿಕಾರಿ ಸೆಡ್ಜ್‌ವಿಕ್ ಮತ್ತು ಕಾರವಾರದ ಅರಣ್ಯಾಧಿಕಾರಿ ಬೆಲ್ 1919ರಲ್ಲಿ ಜಲಪಾತದ ತುಂತುರು ಬೀಳುವ ಜಾಗದಿಂದ ಒಂದು ನಾಜೂಕಾದ ಹುಲ್ಲನ್ನು ತಂದರು. ಕುಕ್ ಪುಸ್ತಕ ಮುಗಿದು ಹನ್ನೊಂದು ವರ್ಷವಾಗಿತ್ತು, ಹಾಗಾಗಿ ಅದು ಅಲ್ಲಿ ಬರುವಂತಿರಲಿಲ್ಲ. 1950ರ ಸುಮಾರಿಗೆ ಹುಲ್ಲುಗಳ ತಜ್ಞ ಬೋರ್ ಅದಕ್ಕೆ ಹಬ್ಬಾರ್ಡಿಯ ಹೆಪ್ಟಾನ್ಯೂರಾನ್ ಎಂದು ಹೆಸರಿಟ್ಟರು. ಅಷ್ಟರಲ್ಲಿ ಶರಾವತಿಯ ನೀರು ವಿದ್ಯುತ್ತಿಗೆ ತಿರುಗಿತ್ತು, 1964ರಲ್ಲಿ ಲಿಂಗನಮಕ್ಕಿ ಬಂತು. ಹುಲ್ಲು ಮತ್ತೆ ಜೋಗದಲ್ಲಿ ಸಿಗಲಿಲ್ಲ, ಅಳಿಯಿತೆಂದೇ ದಾಖಲಾಯಿತು. 2002ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್.ಆರ್. ಯಾದವ್ ಮತ್ತು ತಂಡದವರಿಗೆ ಅದು ತಿಲ್ಲಾರಿ ಘಟ್ಟದಲ್ಲಿ ಮತ್ತೆ ಕಂಡಿತು. ಜೋಗದಲ್ಲಿ ಅದನ್ನು ಹುಡುಕುತ್ತಿದ್ದವರು ಮೊದಲ ಮಾದರಿಯ ವಿಳಾಸವನ್ನೇ ನಂಬಿದ್ದರು. ಗಿಡಕ್ಕೆ ಬೇಕಾದದ್ದು ಜೋಗವಲ್ಲ, ತುಂತುರು ಬಿದ್ದು ಒದ್ದೆಯಾಗಿರುವ ನೆರಳಿನ ಬಂಡೆ. ಅಪರೂಪದ ಗಿಡಗಳ ಪಟ್ಟಿ ಹಿಡಿದು ಹೊರಡುವ ಗೆಳೆಯರು ಇದನ್ನು ಗಮನಿಸಬೇಕೆಂದು ನನ್ನ ಬೇಡಿಕೆ. ಪುಸ್ತಕದ ಜಾಗದ ಹೆಸರಿಗಿಂತ ಆ ಜಾಗದ ಗುಣ ನಿಮ್ಮನ್ನು ಗಿಡದ ಹತ್ತಿರ ಒಯ್ಯುತ್ತದೆ.

ಅಪರೂಪದ ಗಿಡಕ್ಕೆ ಹೇಗೂ ಕಾವಲುಗಾರರಿದ್ದಾರೆ. ಅದರ ಪ್ರತಿ ಮಾದರಿಯನ್ನೂ ಅಂಟಿಸಿದ ಹಾಳೆ ಹರ್ಬೇರಿಯಂನಲ್ಲಿದೆ, ಹಾಳೆಯ ಮೇಲೆ ಊರು, ತಾರೀಖು, ಸಂಗ್ರಹದ ಸಂಖ್ಯೆ ಇವೆ. ಅದು ಮತ್ತೆ ಸಿಕ್ಕರೆ ಸಂಶೋಧನ ಲೇಖನವಾಗುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಸಾಮಾನ್ಯ ಗಿಡಕ್ಕೆ ಇದಾವುದೂ ಇಲ್ಲ. ಎಲ್ಲೆಲ್ಲೂ ಬೆಳೆಯುವುದನ್ನು ಕಿತ್ತು ಒಣಗಿಸಿ ಕ್ಯೂಗೆ ಕಳಿಸುವ ಶ್ರಮ ಯಾರು ಪಡುತ್ತಾರೆ? ಹಾಗಾಗಿ ಹರ್ಬೇರಿಯಂನಲ್ಲಿ ಅದರ ಹಾಳೆಗಳು ವಿರಳ. ಕುಕ್ ಅದಕ್ಕೆ ಊರಿನ ಹೆಸರು ಕೊಡುವುದಿಲ್ಲ, ಸಂಗ್ರಾಹಕರ ಹೆಸರೂ ಹಲವೆಡೆ ಇಲ್ಲ. ‘ಪ್ರಾಂತ್ಯದ ಉದ್ದಗಲಕ್ಕೂ’ ಎಂಬ ಮಾತಿನಲ್ಲಿ ಮುಗಿಸುತ್ತಾರೆ. ನೂರಿಪ್ಪತ್ತು ವರ್ಷಗಳ ಹಿಂದೆ ಆ ಗಿಡ ಹೇಗಿತ್ತು ಎಂಬುದಕ್ಕೆ ನಮಗಿರುವ ಸಾಕ್ಷಿ ಬಹುಮಟ್ಟಿಗೆ ಆ ಒಂದು ಸಾಲು. ಸಾಮಾನ್ಯ ಗಿಡ ಕಡಿಮೆಯಾಗುತ್ತ ಬಂದಾಗ ಅದನ್ನು ಹಿಡಿದು ಹೇಳಬಲ್ಲ ದಾಖಲೆ ಬೇರೆ ಇಲ್ಲ. ನಾವು ಆ ಸಾಲನ್ನೇ ದಾಟಿಕೊಂಡು ಅಪರೂಪದ್ದರ ಹತ್ತಿರ ಓಡುತ್ತಿದ್ದೇವೆ.

ಗಿಡವೊಂದು ಸಾಮಾನ್ಯದಿಂದ ವಿರಳಕ್ಕೆ ಜಾರುವುದು ಹೇಗೆಂದು ದುರ್ವಾಸನೆ ಮರ ತೋರಿಸುತ್ತದೆ. ಹೆಸರೇ ಹೇಳುವಂತೆ ಹೂ ನಾರುತ್ತದೆ. ಮರಮುಟ್ಟಿಗೆ ಬೆಲೆಯಿಲ್ಲ, ಹಳೆಯ ಅರಣ್ಯಾಧಿಕಾರಿಗಳಿಗೆ ಅದರಲ್ಲಿ ಆಸಕ್ತಿ ಹುಟ್ಟುವ ಕಾರಣವಿರಲಿಲ್ಲ. ಮಾಪಿಯ ಫೀಟಿಡ ಎಂಬುದು ಅದರ ಹಳೆಯ ಹೆಸರು, ಈಗ ನೊತಪೊಡೈಟಿಸ್ ನಿಮ್ಮೋನಿಯಾನ. 1966ರಲ್ಲಿ ವಾಲ್ ಮತ್ತು ವಾನಿ ಎಂಬ ವಿಜ್ಞಾನಿಗಳು ಚೀನಾದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿ, ಅದಕ್ಕೆ ಕ್ಯಾನ್ಸರ್ ಗೆಡ್ಡೆಗಳನ್ನು ತಡೆಯುವ ಗುಣವಿದೆಯೆಂದು ತೋರಿಸಿದರು. ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲೂ ಇದೆಯೆಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ವರದಿ ಮಾಡಿದರು. ಅಲ್ಲಿಂದ ಮರಕ್ಕೆ ಬೆಲೆ ಬಂತು. ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಔಷಧಿಗಳು 1990ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಬೇಡಿಕೆ ಇನ್ನೂ ಏರಿತು. ಘಟ್ಟದ ಕಾಡುಗಳಿಂದ ಮರವನ್ನು ಬುಡಸಮೇತ ಕಡಿದು ಸಾಗಿಸಿದರು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಮರವೊಂದು ಒಂದೆರಡು ತಲೆಮಾರಿನೊಳಗೆ ಸಂರಕ್ಷಣೆಯ ಚರ್ಚೆಗೆ ಬಂತು. ಆ ಮರ ಮೊದಲು ಎಲ್ಲೆಲ್ಲಿತ್ತು, ಎಷ್ಟಿತ್ತು ಎಂದು ತಿಳಿಯಲು ಹೋದವರಿಗೆ ಹಳೆಯ ಫ್ಲೋರಾ ಬೇಕೇ ಬೇಕು, ಅದೂ ಹಳೆಯ ಹೆಸರಿನಡಿ.

ಕಾಡಿಗೇ ಹೋಗಬೇಕೆಂದಿಲ್ಲ. ಎರೆಹೊಲದ ಬದುಗಳನ್ನು ನೋಡಿ. ಅಣ್ಣೆ, ತುಂಬೆ, ಕನ್ನೆ, ಉತ್ತರಾಣಿ, ಹೊನಗೊನೆ. ಹೊಲಕ್ಕೆ ಹೋದ ಹೆಂಗಸರು ಮಡಿಲು ತುಂಬ ಬೆರಕೆ ಸೊಪ್ಪು ತಂದು ಸಾರು ಮಾಡುತ್ತಿದ್ದ ಕಾಲದಲ್ಲಿ ಇವು ಎಣಿಕೆಗೆ ಸಿಗದಷ್ಟು ಇದ್ದವು. ಧಾರವಾಡ, ವಿಜಯಪುರದ ಕಡೆ ಜೋಳದ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ ಹೊಲದಲ್ಲಿ ತಾನೇ ಹುಟ್ಟುವ ಸೊಪ್ಪು. ಇಂದು ಸಂತೆಯ ಸಿವುಡಿನಲ್ಲಿರುವುದು ಬಿತ್ತಿ ಬೆಳೆದದ್ದೂ ಆಗಿರುತ್ತದೆ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಈ ಗಿಡಗಳ ಗತಿ ಏನು ಎಂಬುದನ್ನು ಯಾರು ಅಳೆಯುತ್ತಿದ್ದಾರೆ? ಇವು ಇನ್ನೂ ಅಪಾಯದ ಪಟ್ಟಿಗೆ ಬಂದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬಿದ್ದಿಲ್ಲ. ಪಟ್ಟಿಗೆ ಬರುವ ಹೊತ್ತಿಗೆ ‘ಇದು ಮೊದಲು ಎಷ್ಟಿತ್ತು?’ ಎಂದು ಕೇಳಿದರೆ ಉತ್ತರಿಸುವವರು ಇರುವುದಿಲ್ಲ.

ಪುಸ್ತಕದಲ್ಲಿ ಇಲ್ಲದಿರುವುದೂ ಇಷ್ಟೇ ಮುಖ್ಯ. ಕುಕ್ ಬದುಕಿ ಕೆಲಸ ಮಾಡಿದ ಊರು ಪುಣೆ. ಅವರ ಫ್ಲೋರಾದಲ್ಲಿ ಕಾಂಗ್ರೆಸ್ ಗಿಡ ಇಲ್ಲ. 1950ರ ದಶಕದ ನಡುವೆ ಅದು ಪುಣೆಯಲ್ಲೇ ಮೊದಲು ಗಮನಕ್ಕೆ ಬಂತು, ಅಲ್ಲಿಂದ ನಮ್ಮ ಪ್ರತಿ ಖಾಲಿ ನಿವೇಶನಕ್ಕೂ ಹಬ್ಬಿತು. ಅದು ಆಕ್ರಮಿಸಿದ ರಸ್ತೆಬದಿಯಲ್ಲಿ, ಗೋಮಾಳದಲ್ಲಿ ಹಿಂದೆ ಏನಿತ್ತು? ಕುಕ್ ‘ರಸ್ತೆ ಬದಿಯಲ್ಲಿ’, ‘ಪಾಳುಭೂಮಿಯಲ್ಲಿ’ ಎಂದು ನಮೂದಿಸಿದ ಗಿಡಗಳನ್ನೆಲ್ಲ ಒಂದೆಡೆ ಬರೆದುಕೊಂಡರೆ ಉತ್ತರದ ದೊಡ್ಡ ಭಾಗ ಸಿಗುತ್ತದೆ. ಗ್ರಾಮ ಪಂಚಾಯತಿಗಳ ಜೀವವೈವಿಧ್ಯ ದಾಖಲಾತಿಗೆ 2002ರ ಕಾಯ್ದೆ ಅವಕಾಶ ಕೊಟ್ಟಿದೆ. ಬೆಳಗಾವಿಯಿಂದ ಕಾರವಾರದವರೆಗಿನ ಯಾವುದೇ ಪಂಚಾಯತಿ ಆ ಕೆಲಸ ಶುರುಮಾಡುವ ಮುನ್ನ ಕುಕ್ ಮತ್ತು ಟಾಲ್ಬಟ್ ಪುಟಗಳನ್ನು ಎದುರಿಗಿಟ್ಟುಕೊಳ್ಳಬೇಕಿತ್ತು.

ಹಾಗೆಂದು ಈ ಪುಸ್ತಕಗಳ ದೋಷವನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ. ಅಧಿಕಾರಿಗಳ ಮುಂದೆ ಕಾಡಿನ ದಾರಿ ತೋರಿಸುತ್ತ ನಡೆದವರು, ಗಿಡದ ಹೆಸರು ಹೇಳಿದವರು, ಮರ ಹತ್ತಿ ಹೂ ಇಳಿಸಿಕೊಟ್ಟವರು ಇಲ್ಲಿನವರು. ಅವರಲ್ಲಿ ಬಹುಪಾಲಿನವರ ಹೆಸರು ಅಚ್ಚಾಗಲಿಲ್ಲ. ಕುಕ್, ಟಾಲ್ಬಟ್ ಅವರಿಗಿಂತ ಇನ್ನೂರು ವರ್ಷ ಮೊದಲು, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಬಂದ ವಾನ್ ರೀಡ್ ಅವರ ‘ಹೋರ್ಟಸ್ ಮಲಬಾರಿಕಸ್’ ತನಗೆ ನೆರವಾದ ವೈದ್ಯ ಇಟ್ಟಿ ಅಚ್ಯುತನ್ ಅವರನ್ನೂ, ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವಿದ್ವಾಂಸರನ್ನೂ ಹೆಸರಿಸಿ, ಅವರ ಪ್ರಮಾಣಪತ್ರಗಳನ್ನು ಅವರದೇ ಲಿಪಿಯಲ್ಲಿ ಅಚ್ಚು ಹಾಕಿತ್ತು. ಆ ಮರ್ಯಾದೆ ಮುಂದೆ ಕಳೆದುಹೋಯಿತು. ಇನ್ನೊಂದು ಕೊರತೆ ಸ್ಥಳದ್ದು. ‘ಉತ್ತರ ಕನ್ನಡ’ ಎಂದಷ್ಟೇ ಹೇಳಿದರೆ ಯಲ್ಲಾಪುರದ ಕಾಡೋ ಭಟ್ಕಳದ ಕಡಲಂಚೋ ತಿಳಿಯುವುದಿಲ್ಲ.

ಈ ಕೊರತೆಯನ್ನು ನೀಗಿದ್ದು ನಮ್ಮದೇ ಒಂದು ಪುಸ್ತಕ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದ್ದ ಫಾದರ್ ಸೆಸಿಲ್ ಸಲ್ಡಾನ ಮತ್ತು ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಫ್ಲೋರಾ. ಅದರಲ್ಲಿ ಸಾಮಾನ್ಯ ಗಿಡಕ್ಕೂ ಸಂಗ್ರಾಹಕರ ಹೆಸರು, ಸಂಗ್ರಹದ ಸಂಖ್ಯೆ ಇವೆ. ಬೇಕಾದವರು ಇಂದೂ ಹಾಳೆ ತೆಗೆಸಿ ನೋಡಬಹುದು. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಂದರೆ ಕಣಿವೆ ಮುಳುಗುವ ಮೊದಲೇ ಅಲ್ಲಿನ ಗಿಡಗಳು ದಾಖಲಾಗಿದ್ದವು. ಬಳಸಿದ ಪ್ರತಿ ಎಲ್ಲಾದರೂ ಕಂಡರೆ ಬಿಡಬೇಡಿ. ಇದೇ ಶಿಸ್ತಿನಲ್ಲಿ ಸಲ್ಡಾನ ಅವರು ಇಡೀ ಕರ್ನಾಟಕದ ಫ್ಲೋರಾ ಶುರುಮಾಡಿದರು. 1984 ಮತ್ತು 1996ರಲ್ಲಿ ಎರಡು ಸಂಪುಟ ಬಂದವು, ಮುಂದಿನವು ಬರಲಿಲ್ಲ. ಇಷ್ಟು ದೊಡ್ಡ ರಾಜ್ಯ ತನ್ನ ಸಸ್ಯಗಳ ಪುಸ್ತಕವನ್ನು ಪೂರ್ತಿ ಮಾಡದೆ ಕೂತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಊರಿನ ಹೆಸರು ಬಿಡಿಸಿ ಬರೆದರೆ ಕಳ್ಳರಿಗೆ ಅನುಕೂಲ ಎಂಬ ಮಾತಿದೆ. ಆರ್ಕಿಡ್, ಸೆರೊಪೇಜಿಯಗಳ ವಿಷಯದಲ್ಲಿ ಅದು ನಿಜ, ಅಂಥ ಕೆಲವನ್ನು ಮರೆಮಾಚಲೇಬೇಕು. ತುಂಬೆಗೆ, ಅಣ್ಣೆಗೆ ಆ ಭಯವಿಲ್ಲ.

ಇನ್ನು ಗಾಜಿನ ಕಪಾಟಿನವರು. ಮಾರುಕಟ್ಟೆಯಲ್ಲಿ ಕಲೆಯಿಲ್ಲದ, ಗೆರೆ ಎಳೆಯದ ಪ್ರತಿಗೆ ಬೆಲೆ ಜಾಸ್ತಿ. ಪೆನ್ಸಿಲ್ ಗುರುತಿದ್ದರೆ ದೋಷವೆಂದು ಬೆಲೆ ಇಳಿಸುತ್ತಾರೆ. ಬಣ್ಣದ ಚಿತ್ರಗಳಿರುವ ಹಳೆಯ ಸಸ್ಯಪುಸ್ತಕಗಳನ್ನು ಬಿಚ್ಚಿ, ಚಿತ್ರಗಳನ್ನು ಕತ್ತರಿಸಿ ಚೌಕಟ್ಟು ಹಾಕಿ ಮಾರುವವರೂ ಇದ್ದಾರೆ. ವರ್ಣನೆಯಿಂದ ಬೇರೆಯಾದ ಚಿತ್ರ ಬರೀ ಅಲಂಕಾರ. ನನ್ನ ಕೈಯಲ್ಲಿರುವ ಕುಕ್ ಮರುಮುದ್ರಣ ಯಾವುದೋ ಕಾಲೇಜು ಗ್ರಂಥಾಲಯದಿಂದ ವಿಲೇವಾರಿಯಾಗಿ ಬಂದದ್ದು. ಬೆನ್ನು ಸಡಿಲವಾಗಿದೆ, ಒಂದು ಸಂಪುಟಕ್ಕೆ ನೀರು ಬಿದ್ದಿದೆ. ಆದರೆ ಹಿಂದಿನ ಓದುಗರೊಬ್ಬರು ಅಂಚಿನಲ್ಲಿ ಚೂಪು ಪೆನ್ಸಿಲಿನಿಂದ ಊರು, ತಿಂಗಳು ಬರೆದಿದ್ದಾರೆ. ಮುಖ್ಯವಾಗಿ, ಅವರು ಟಿಪ್ಪಣಿ ಬರೆದಿರುವುದು ಅಪರೂಪದವುಗಳಿಗಿಂತ ಮಾಮೂಲಿ ಗಿಡಗಳ ಪಕ್ಕದಲ್ಲಿ ಹೆಚ್ಚು. ಒಂದು ಕಡೆ ‘ಸೂಪಾ, ಹೊಳೆದಂಡೆ, ತುಂಬ’ ಎಂದಿದೆ. 1980ರ ದಶಕದಲ್ಲಿ ಕಾಳಿಗೆ ಅಣೆಕಟ್ಟು ಎದ್ದು ಸೂಪಾ ಪಟ್ಟಣವೇ ನೀರಿನೊಳಗೆ ಹೋಯಿತು. ಆ ದಂಡೆಯಲ್ಲಿ ಆ ಗಿಡ ತುಂಬ ಇತ್ತೆಂದು ಹೇಳುವ ಮೂರು ಪದ ಈ ಅಂಚಿನಲ್ಲಿವೆ. ಕುಕ್ ಅವರ ಮುದ್ರಿತ ಪುಟಗಳೇನೋ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಓದಲು ಯಾರೂ ದುಡ್ಡು ಕೊಡಬೇಕಿಲ್ಲ. ಹಳೆಯ ಪ್ರತಿಗೆ ಬೆಲೆ ಕಟ್ಟುವುದಾದರೆ ಈ ಪೆನ್ಸಿಲಿಗೆ ಕಟ್ಟಬೇಕು.

ಆದ್ದರಿಂದ ಇಂಥ ಪುಸ್ತಕ ಮನೆಯಲ್ಲಿರುವ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಅಂಚಿನ ಬರಹವನ್ನು ರಬ್ಬರ್ ಹಾಕಿ ಅಳಿಸಬೇಡಿ; ಟಿಪ್ಪಣಿ ಇರುವ ಪುಟಗಳ ಚಿತ್ರ ತೆಗೆದು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೋ, ಸಲ್ಡಾನ ಕಟ್ಟಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜೆಸಿಬಿ ಹರ್ಬೇರಿಯಂಗೋ ಒಂದು ಪ್ರತಿ ಕಳಿಸಿ. ಗ್ರಂಥಾಲಯದವರು ಹಳೆಯ ಫ್ಲೋರಾಗಳನ್ನು ರದ್ದಿಗೆ ಹಾಕುವ ಮೊದಲು ಆ ವಿಭಾಗದವರನ್ನು ಒಂದು ಮಾತು ಕೇಳಲಿ. ನೀವೂ ಬರೆಯಿರಿ. ನಿಮ್ಮ ತಾಲೂಕಿಗೆ ಸೇರಿದ, ಪುಸ್ತಕ ಸಾಮಾನ್ಯವೆಂದ ಹತ್ತು ಗಿಡ ಆರಿಸಿಕೊಳ್ಳಿ. ಈ ಮಳೆಗಾಲದಲ್ಲಿ ಅವನ್ನು ಹುಡುಕಿ. ಸಿಕ್ಕಿದರೆ ಊರು, ಜಾಗ, ತಾರೀಖು; ಸಿಗದಿದ್ದರೆ ಎಲ್ಲೆಲ್ಲಿ ನೋಡಿದಿರಿ ಎಂಬುದು. ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ನೀರು ಬಿದ್ದರೆ ಹರಡುತ್ತದೆ.